ಮೊಸರಿನ ಜೀವಾಣು ಮತ್ತು ಕೊಲೆಸ್ಟರಾಲ್: ಪರೀಕ್ಷಾ ಟಿಪ್ಪಣಿ

1. ವ್ಯಾಖ್ಯೆ: ಸಾಕಷ್ಟು ಪ್ರಮಾಣದಲ್ಲಿ ಸೇವಿಸಿದಾಗ ಆರೋಗ್ಯಕ್ಕೆ ಹಿತವನ್ನುಂಟುಮಾಡುವ ಸಜೀವ ಸೂಕ್ಷ್ಮಾಣುಗಳೇ ಪ್ರೊಬಯಾಟಿಕ್‌ಗಳೆಂದು ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಎಫ್.ಎ.ಒ. ತಜ್ಞರು ನಿರೂಪಿಸಿದುದು 2001ರಲ್ಲಿ. ಕೋಲಾರದ ಚಿನ್ನದ ಗಣಿ ಮುಚ್ಚಿದುದೂ ಅದೇ ವರ್ಷವಾದುದರಿಂದ ಕೆ.ಜಿ.ಎಫ್., ಬಂಗಾರಪೇಟೆಯ ಅಭ್ಯರ್ಥಿಗಳು ಇದನ್ನು ಮರೆಯಲಾರರು.

2. ಕ್ರಿಯಾವಿಧಾನ: ಕೆಲವು ಲ್ಯಾಕ್ಟೊಬ್ಯಾಸಿಲಸ್ ತಳಿಗಳಲ್ಲಿರುವ ಹೈಡ್ರೊಲೇಸ್ ಕಿಣ್ವವು ಪಿತ್ತಲವಣಗಳನ್ನು ವಿಘಟಿಸಲು, ಅವು ಹೆಚ್ಚಾಗಿ ಮಲದೊಡನೆ ಹೊರಹೋಗುವುವು, ಆ ಕೊರತೆಯನ್ನು ತುಂಬಲು ಯಕೃತ್ತು ಕೊಲೆಸ್ಟರಾಲನ್ನು ವ್ಯಯಿಸುವುದರಿಂದ ಎಲ್.ಡಿ.ಎಲ್. ಎಂಬ ‘ಕೆಟ್ಟ’ ಕೊಲೆಸ್ಟರಾಲ್ ಅಲ್ಪಮಟ್ಟಿಗೆ ಇಳಿಯಬಹುದು.

3. ಗೊಂದಲದ ಅಂಶ: ಪ್ರಿಬಯಾಟಿಕ್ ಜೀವಿಯಲ್ಲ, ಜೀವಾಣುವಿನ ಆಹಾರ. ಉಗುರುಬೆಚ್ಚನೆಯ ಹಾಲಿಗೆ ಚಮಚ ಹೆಪ್ಪು ಹಾಕಿದ ಮನೆಯ ಮೊಸರಿನಲ್ಲಿ ಜೀವಾಣುಗಳುಂಟಾದರೂ, ತಳಿಯೂ ಸಂಖ್ಯೆಯೂ ಅನಿಶ್ಚಿತವಾದುದರಿಂದ ಅದನ್ನು ಪ್ರೊಬಯಾಟಿಕ್ ಎನ್ನಲಾಗದು. ಕುದಿಸಿದ ಮಜ್ಜಿಗೆಹುಳಿಯಲ್ಲಂತೂ ಅವು ಬದುಕಿರವು.

4. ಮೊಸರಿನ ಜೀವಾಣುಗಳು ಆರೋಗ್ಯಕ್ಕೆ ಹಿತವೆಂದು ಪ್ರತಿಪಾದಿಸಿದ ವಿಜ್ಞಾನಿ ಮೆಚ್ನಿಕಾಫ್‌ಗೆ 1908ರ ನೊಬೆಲ್ ಬಂದುದು ಮೊಸರಿಗಾಗಿ ಅಲ್ಲ, ರೋಗನಿರೋಧಶಕ್ತಿಯ ಸಂಶೋಧನೆಗಾಗಿ.