ರಂಗನತಿಟ್ಟಿನಲ್ಲಿ ಒಂದು ದಿನ: ರೈತರಿಗೆ ಹಕ್ಕಿಗಳ ಪಾಠ

"ಗದ್ದೆ ಕೆಲಸ ಬಿಟ್ಟು ಹಕ್ಕಿ ನೋಡಲು ಹೋಗುವುದೇ?" ಎಂದು ರೈತ ಬಾಂಧವರು ಕೇಳಬಹುದು. ನೇಗಿಲ ಹಿಂದೆ ಹುಳು ಹೆಕ್ಕುತ್ತಾ ಬರುವ ಬೆಳ್ಳಕ್ಕಿಗಳು ಸಂಜೆಗೆ ಎಲ್ಲಿಗೆ ಹಾರುತ್ತವೆ ಎಂಬುದನ್ನು ಒಮ್ಮೆ ಯೋಚಿಸಿ. ಚಿನಕುರಳಿ ಹೋಬಳಿಯ ರೈತರಿಗೆ ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿಗೆ ಒಂದು ದಿನದ ಪ್ರವಾಸ ಸಾಕು.

ಸ್ಥಳದ ಪರಿಚಯ: 17ನೆಯ ಶತಮಾನದಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟೆ ಕಟ್ಟಿದ್ದರಿಂದ ಇಲ್ಲಿ ನಡುಗಡ್ಡೆಗಳಾದವು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಮೈಸೂರು ಸಂಸ್ಥಾನವು ಇದನ್ನು ಪಕ್ಷಿಧಾಮವಾಗಿಸಿತು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು.

ಸಿದ್ಧತೆ: 15-20 ಜನರ ತಂಡಕ್ಕೆ ಒಬ್ಬ ವಿಸ್ತರಣಾ ಕಾರ್ಯಕರ್ತರಿರಲಿ. ಫೆಬ್ರವರಿ-ಮಾರ್ಚ್ ಒಳ್ಳೆಯ ಕಾಲ. ಕನ್ನಂಬಾಡಿಯಿಂದ ಹೆಚ್ಚು ನೀರು ಬಿಟ್ಟಾಗ ದೋಣಿ ನಡೆಯುವುದಿಲ್ಲ, ಮೊದಲೇ ವಿಚಾರಿಸಿಕೊಳ್ಳಿ. ಬೆಳಿಗ್ಗೆ ಬೇಗ ತಲುಪಿ. ಪುಸ್ತಕ, ಪೆನ್ಸಿಲು ಜೊತೆಗಿರಲಿ. ದೋಣಿಯಲ್ಲಿ ಗಲಾಟೆ ಕೂಡದು. ಮೊಸಳೆಗಳಿರುವುದರಿಂದ ನೀರಿಗೆ ಕೈಯಿಡಬಾರದು.

ಏನನ್ನು ನೋಡಬೇಕು: ಹಕ್ಕಿಯ ಹೆಸರಿಗಿಂತ ಮೊದಲು ಕೊಕ್ಕನ್ನು ನೋಡಿ. ಅದರ ಆಹಾರವೇನೆಂದು ಕೊಕ್ಕೇ ಹೇಳುತ್ತದೆ.

1. ಬಾಯ್ಕಳಕ ಕೊಕ್ಕರೆ: ಕೊಕ್ಕಿನ ನಡುವೆ ಸಂದು ಇರುತ್ತದೆ. ಗದ್ದೆ, ಕೆರೆಗಳ ಬಸವನಹುಳು ಇದರ ಮುಖ್ಯ ಆಹಾರ.
2. ಕೆಂಬರಲು: ಬಾಗಿದ ಕೊಕ್ಕಿನಿಂದ ಕೆಸರನ್ನು ಕೆದಕಿ ಹುಳುಗಳನ್ನು ಹಿಡಿಯುತ್ತದೆ.
3. ಗೋವಕ್ಕಿ: ದನಗಳ ಜೊತೆ ನಡೆದು ಮಿಡತೆಗಳನ್ನು ತಿನ್ನುತ್ತದೆ.
4. ಹೆಜ್ಜಾರ್ಲೆ, ನೀರುಕಾಗೆ: ಮೀನು ಹಿಡಿಯುತ್ತವೆ. ಮೀನು ಸಾಕಿದವರಿಗೆ ಇವುಗಳಿಂದ ನಷ್ಟವಾಗಬಹುದೆಂಬುದೂ ನಿಜ.

ಗಮನಿಸಬೇಕಾದ ಮುಖ್ಯ ಸಂಗತಿ ಇದು. ಪಕ್ಷಿಧಾಮದೊಳಗೆ ಗೂಡಿಗೆ ಜಾಗವಿದೆ, ಎಲ್ಲ ಹಕ್ಕಿಗಳಿಗೂ ಸಾಲುವಷ್ಟು ಆಹಾರವಿಲ್ಲ. ಮರಿಗಳ ಹೊಟ್ಟೆ ತುಂಬಿಸಲು ತಾಯಿ ಹಕ್ಕಿಗಳು ಸುತ್ತಲಿನ ಗದ್ದೆ, ಕೆರೆ, ನಾಲೆಗಳಿಗೆ ಬರುತ್ತವೆ. ಗದ್ದೆಯಲ್ಲಿ ವಿಷವುಂಡ ಹುಳುವನ್ನು ಕೊಂಡೊಯ್ದರೆ ಕಾವಲುಗಾರರಿದ್ದೂ ಗೂಡಿನ ಮರಿ ಉಳಿಯಲಾರದು. ಗೂಡನ್ನು ಸರ್ಕಾರ ಕಾಯಬಹುದು; ತುತ್ತನ್ನು ಕಾಯಬೇಕಾದವರು ರೈತರೇ.

ಎಂಡೋಸಲ್ಫಾನನ್ನು 2011ರಲ್ಲಿ ಸುಪ್ರೀಂ ಕೋರ್ಟು ತಡೆಯಿತು. ಫೋರೇಟ್ ಬಳಕೆಗೆ 2020ರ ಕೊನೆಯಿಂದ ನಿಷೇಧವಿದೆ. ಹಳೆಯ ದಾಸ್ತಾನಿದ್ದರೂ ಬಳಸಬಾರದು. ಕಾರ್ಬೊಫ್ಯೂರಾನ್ ಹರಳನ್ನು ಸಣ್ಣ ಹಕ್ಕಿ ಕಾಳೆಂದು ತಿಂದರೆ ಒಂದೇ ಹರಳಿಗೆ ಸಾಯಬಹುದು.

ಊರಿಗೆ ಮರಳಿದ ನಂತರ:

• ಒಂದು ವಾರ ಬೆಳಿಗ್ಗೆ ಗದ್ದೆಗೆ ಬರುವ ಹಕ್ಕಿಗಳನ್ನು ಎಣಿಸಿ, ಅವು ತಿನ್ನುವುದನ್ನು ಬರೆದಿಡಿ.
• ಕೀಟಗಳನ್ನು ಎಣಿಸಿ ನೋಡದೆ ಔಷಧಿ ಹೊಡೆಯಬೇಡಿ. ಹಾನಿಯ ಮಟ್ಟ ಮೀರಿದರೆ ಮಾತ್ರ ಸಿಂಪಡಿಸಿ.
• ಚೆಲ್ಲಿದ ಹರಳನ್ನು ಬದುವಿನ ಮೇಲೆ ಬಿಡಬೇಡಿ. ಸಿಂಪರಣಾ ಯಂತ್ರವನ್ನು ಕೆರೆ, ನಾಲೆಯಲ್ಲಿ ತೊಳೆಯಬೇಡಿ.
• ಕಾಜಾಣ ಕೂರಲು ಗದ್ದೆಯಲ್ಲಿ ಕವಲು ಗೂಟಗಳನ್ನು ನೆಡಿ. ತೆನೆಯಲ್ಲಿ ಕಾಳು ಕಟ್ಟುವ ಮೊದಲು ಕಿತ್ತುಬಿಡಿ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನವರು ಊರ ಮರಗಳಲ್ಲೇ ಕೊಕ್ಕರೆಗಳಿಗೆ ಜಾಗ ಕೊಟ್ಟು, ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರವಾಗಿಸಿಕೊಂಡವರು. ಎಲ್ಲ ಊರಿಗೂ ಕೊಕ್ಕರೆ ಗೂಡು ಕಟ್ಟಲು ಬರುವುದಿಲ್ಲ. ಆದರೆ ಮೇಯಲು ನಮ್ಮ ಗದ್ದೆಗೆ ಬರುತ್ತದೆ. ಬಂದದ್ದು ಕ್ಷೇಮವಾಗಿ ಗೂಡಿಗೆ ಮರಳಿದರೆ ಪ್ರವಾಸ ಸಾರ್ಥಕವಾದಂತೆ.