ಬಜಪೆಯಲ್ಲಿ ಇಳಿದರೂ ಪುತ್ತೂರು ದೂರ

ಬೆಂಗಳೂರಿನಿಂದ ಮಂಗಳೂರಿಗೆ ವಿಮಾನದಲ್ಲಿ ಒಂದು ಗಂಟೆ ಚಿಲ್ಲರೆ. ಮೊದಲೇ ಬುಕ್ ಮಾಡಿದರೆ ಟಿಕೆಟ್ ದರ ಒಮ್ಮೊಮ್ಮೆ ವಾರಾಂತ್ಯದ ಸ್ಲೀಪರ್ ಬಸ್ಸಿನ ದರದ ಹತ್ತಿರಕ್ಕೇ ಬಂದುಬಿಡುತ್ತದೆ. ಆದರೆ ನನ್ನ ಊರು ಪುತ್ತೂರು. ರಾತ್ರಿ ಬಸ್ಸು ಶಿರಾಡಿ ಘಾಟಿ ಇಳಿದು, ಉಪ್ಪಿನಂಗಡಿ ದಾಟಿ, ಬೆಳಗಾಗುವಷ್ಟರಲ್ಲಿ ಪುತ್ತೂರಿನಲ್ಲಿ ಇಳಿಸುತ್ತದೆ. ವಿಮಾನ ಊರನ್ನು ದಾಟಿಸಿ ಬಜಪೆಯಲ್ಲಿ ಬಿಡುತ್ತದೆ. ಅಲ್ಲಿಂದ ಐವತ್ತು ಕಿಲೋಮೀಟರಿಗೂ ಹೆಚ್ಚು ವಾಪಸ್ ಬರಬೇಕು.

ಹಾಗಾಗಿ ನಾನು ಲೆಕ್ಕ ಹಾಕುವುದು ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ. ಜಯನಗರದಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಹಿಡಿದರೆ ಸಾವಿರದ ಆಚೀಚೆ. ವಾಯುವಜ್ರ ಬಸ್ಸಾದರೆ ಬಹಳ ಕಡಿಮೆ, ಸಮಯ ಇನ್ನಷ್ಟು ಜಾಸ್ತಿ. ಬ್ಯಾಗ್ ಹಾಕುವ ಕೌಂಟರ್ ವಿಮಾನ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುತ್ತದೆ, ಅದಕ್ಕೂ ಮುಂಚೆ ತಲುಪಿರಬೇಕು. ಬಜಪೆಯಿಂದ ಪುತ್ತೂರಿಗೆ ಟ್ಯಾಕ್ಸಿಯವರು ಹೇಳುವ ರೇಟು ಬೆಂಗಳೂರಿನದ್ದಕ್ಕಿಂತ ಹೆಚ್ಚು. ಎಲ್ಲ ಕೂಡಿಸಿದರೆ ಆರು ಗಂಟೆ, ಅದೂ ಹಗಲಿನ ಆರು ಗಂಟೆ. ಬಸ್ಸಿನದ್ದು ಎಂಟು, ಆದರೆ ಮಲಗಿ ಕಳೆಯುವ ಎಂಟು.

ಮಂಗಳೂರಿನ ಕಾವೂರಿನಲ್ಲಿರುವ ಅಕ್ಕನ ಲೆಕ್ಕವೇ ಬೇರೆ. ವಿಮಾನ ಇಳಿದು ರಿಕ್ಷಾ ಹತ್ತಿದರೆ ಸ್ವಲ್ಪ ಹೊತ್ತಿಗೆ ಮನೆ. ಬೆಳಗ್ಗೆ ಬೆಂಗಳೂರಿಗೆ ಬಂದು, ಆಸ್ಪತ್ರೆ ಕೆಲಸ ಮುಗಿಸಿ, ರಾತ್ರಿ ಊಟಕ್ಕೆ ವಾಪಸ್. ರಜೆಯೂ ಉಳಿಯಿತು, ಲಾಡ್ಜ್ ಬಾಡಿಗೆಯೂ ಉಳಿಯಿತು. ಅವಳಿಗೆ ನಾಲ್ಕು ಸಾವಿರದ ಟಿಕೆಟ್ಟೂ ಅಗ್ಗವೇ.

ಸಾಮಾನಿನದ್ದು ಇನ್ನೊಂದು ಕಥೆ. ಕೈಚೀಲಕ್ಕೆ ಏಳು ಕಿಲೋ, ಒಳಗೆ ಹಾಕುವ ಬ್ಯಾಗಿಗೆ ಸಾಮಾನ್ಯವಾಗಿ ಹದಿನೈದು. ತೀರಾ ಅಗ್ಗದ ಕೆಲವು ಟಿಕೆಟ್‌ಗಳಲ್ಲಿ ಈ ಹದಿನೈದೂ ಇರುವುದಿಲ್ಲ. ಕೌಂಟರಿನಲ್ಲಿ ತೂಕ ಮೀರಿದರೆ ಕಿಲೋಗೆ ಐನೂರು ರೂಪಾಯಿಗೂ ಮೇಲೆ. ಬ್ಯಾಗಿನಲ್ಲಿ ಹಲಸಿನ ಹಪ್ಪಳ, ಕುಚ್ಚಲಕ್ಕಿ, ಎಣ್ಣೆ ಸೋರದ ಹಾಗೆ ಬಾಯಿಗೆ ಪ್ಲಾಸ್ಟಿಕ್ ಕಟ್ಟಿದ ಮಿಡಿ ಉಪ್ಪಿನಕಾಯಿ ಬಾಟ್ಲಿ. ಒಣಕೊಬ್ಬರಿ ಬೇಗ ಬೆಂಕಿ ಹತ್ತಿಕೊಳ್ಳುವ ವಸ್ತುವೆಂದು ಬ್ಯಾಗಿನಿಂದ ತೆಗೆಸುತ್ತಾರೆ. ಇದನ್ನೆಲ್ಲ ವಿವರಿಸಿದರೆ ಅಮ್ಮ, “ಬಸ್ಸಿನವರು ಮೂಟೆ ತೆಂಗಿನಕಾಯಿಗೂ ಏನೂ ಹೇಳುವುದಿಲ್ಲ. ಇದೆಂಥ ವಿಮಾನ ಮಾರಾಯ!” ಅಂತಾರೆ. ಹಣಕಾಸಿನ ದೃಷ್ಟಿಯಿಂದ ಅಮ್ಮ ಹೇಳುವುದೇ ಸರಿ.

ಮಳೆಗಾಲದಲ್ಲಿ ಮಾತ್ರ ನನ್ನ ಲೆಕ್ಕ ತಲೆಕೆಳಗು. 2024ರ ಜುಲೈ ಕೊನೆಗೆ ಎಡಕುಮೇರಿ ಬಳಿ ಮಣ್ಣು ಕುಸಿದು ರೈಲು ನಿಂತಿತು. ಶಿರಾಡಿ ರಸ್ತೆಯ ಮೇಲೂ ಭರವಸೆ ಇಡುವಂತಿರಲಿಲ್ಲ. ಇಂಥ ದಿನಗಳಲ್ಲಿ ಎಲ್ಲರೂ ವಿಮಾನದ ಕಡೆ ತಿರುಗುತ್ತಾರೆ, ದರ ನೋಡನೋಡುತ್ತಾ ಏರುತ್ತದೆ. ಸುಮಾರು ಒಂದು ಗಂಟೆಯ ಹಾರಾಟಕ್ಕೆ ಉಡಾನ್ ಯೋಜನೆ ಶುರುವಿನಲ್ಲಿ ಇಟ್ಟ 2,500 ರೂಪಾಯಿಯ ಮಿತಿ ಆ ಯೋಜನೆಯಡಿ ಬರುವ ಮಾರ್ಗಗಳ ನಿಗದಿತ ಸೀಟುಗಳಿಗೆ ಮಾತ್ರ, ಈ ಮಾರ್ಗಕ್ಕಲ್ಲ. ಜುಲೈ-ಆಗಸ್ಟ್‌ನಲ್ಲಿ ಮದುವೆ ಮುಂಜಿ ಇದೆಯೆಂದು ಗೊತ್ತಿದ್ದರೆ ತಿಂಗಳ ಮೊದಲೇ ಟಿಕೆಟ್ ತೆಗೆದಿಡುವುದು ಲೇಸು.

ಹಾಗೆ ತೆಗೆದಿಟ್ಟ ಟಿಕೆಟ್ಟಿನಲ್ಲಿ ಹೋಗಲಾಗದಿದ್ದರೆ ದುಡ್ಡೆಲ್ಲ ಹೋಯಿತೆಂದು ಸುಮ್ಮನಾಗುವವರೇ ಹೆಚ್ಚು. ಆದರೆ ಟಿಕೆಟ್ಟಿನ ದುಡ್ಡಿನಲ್ಲಿ ಮೂಲ ದರವಷ್ಟೇ ಅಲ್ಲ, ತೆರಿಗೆ, ಶುಲ್ಕಗಳೂ ಸೇರಿರುತ್ತವೆ. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರುಮಾಡಿ, ಮುಂದೆ ಒಂದು ರೂಪಾಯಿಯ ಟಿಕೆಟ್ ಮಾರಿದಾಗಲೂ ತೆರಿಗೆ, ಶುಲ್ಕ ಬೇರೆಯೇ ಇದ್ದವು. ಅಗ್ಗದ ಟಿಕೆಟ್‌ನಲ್ಲಿ ಇವುಗಳ ಪಾಲು ಸಣ್ಣದಲ್ಲ. ನಾಗರಿಕ ವಿಮಾನಯಾನ ನಿರ್ದೇಶನಾಲಯದ ನಿಯಮದಂತೆ, ಮೂಲ ದರ ಮರಳಿಸದ ಟಿಕೆಟ್ ಆದರೂ, ನೀವು ವಿಮಾನ ಹತ್ತದಿದ್ದರೆ ಸರ್ಕಾರಿ ತೆರಿಗೆಗಳನ್ನೂ ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕವನ್ನೂ ವಾಪಸ್ ಕೊಡಬೇಕು. ಬುಕಿಂಗ್ ನಂಬರ್ ಕೊಟ್ಟು ಕೇಳಿ ಪಡೆಯಿರಿ. ಬಜಪೆ ಟ್ಯಾಕ್ಸಿಗೆ ಸಾಲದಿದ್ದರೂ ರಾತ್ರಿ ಬಸ್ಸಿನ ಟಿಕೆಟ್ಟಿಗೆ ಒಂದಿಷ್ಟು ಸೇರುತ್ತದೆ.