ಪುಕ್ಕಟೆ ಸರ್ವರ್‌ಗೂ ಬೆಲೆ ಬರೆದಿಡಿ

ನಿಕ್ಸ್‌ಓಎಸ್ ಎಂಬ ಮುಕ್ತ ತಂತ್ರಾಂಶ ಯೋಜನೆಯ ಬಳಕೆದಾರರು ಇಳಿಸಿಕೊಳ್ಳುವ ಕಡತಗಳು ವರ್ಷಗಟ್ಟಲೆ ಅಮೆಜಾನ್‌ನ ಎಸ್3 ಸಂಗ್ರಹದಲ್ಲಿದ್ದವು. ಬಿಲ್ಲು ಕಟ್ಟುತ್ತಿದ್ದುದು ಲಾಜಿಕ್‌ಬ್ಲಾಕ್ಸ್ ಎಂಬ ಕಂಪನಿ. 2023ರಲ್ಲಿ ಆ ನೆರವು ನಿಲ್ಲುತ್ತದೆಂದು ಗೊತ್ತಾದಾಗ ಯೋಜನೆಯವರ ಕೈಯಲ್ಲಿ ಉಳಿದಿದ್ದು ಹೆಚ್ಚುಕಡಿಮೆ ಒಂದು ತಿಂಗಳು. ಮುಂದೆ ತಾವೇ ಹೊರಬೇಕಾಗಿದ್ದ ಹೊರೆ ತಿಂಗಳಿಗೆ ಸುಮಾರು 9,000 ಯೂರೊ.

ಫಾಂಟು, ಕೀಲಿಮಣೆ, ನಿಘಂಟು, ಅಕ್ಷರ ಗುರುತಿಸುವ ತಂತ್ರಾಂಶ ಎಂದು ದುಡಿಯುವ ಕನ್ನಡದ ಸಣ್ಣ ತಂಡಗಳೂ ಹೀಗೆ ಯಾರದೋ ಔದಾರ್ಯದ ಮೇಲೆ ನಿಂತಿರುವುದೇ ಹೆಚ್ಚು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಪುಕ್ಕಟೆ ಸಿಕ್ಕಿದ್ದನ್ನು ಲೆಕ್ಕದಲ್ಲಿ ಸೊನ್ನೆ ಎಂದು ಬರೆಯುವುದು ತಪ್ಪು.

ಮೊದಲು ಒಂದು ಹಾಳೆ

ಯೋಜನೆ ಬಳಸುವ ಪ್ರತಿಯೊಂದನ್ನೂ ಸಾಲಾಗಿ ಬರೆಯಿರಿ: ಸರ್ವರ್, ಸಂಗ್ರಹ, ಬ್ಯಾಕಪ್, ಇಮೇಲ್, ಡೊಮೈನ್ ಹೆಸರು. ಪ್ರತಿಯೊಂದರ ಎದುರಿಗೆ ಅದು ಯಾರ ಹೆಸರಿನಲ್ಲಿದೆ, ದುಡ್ಡು ಯಾರದು, ಎಂದಿಗೆ ಮುಗಿಯುತ್ತದೆ, ನಾಳೆ ನಾವೇ ಕೊಡಬೇಕಾದರೆ ಎಷ್ಟು ಎಂದು ಗುರುತು ಹಾಕಿ. ಈ ಕೊನೆಯ ಅಂಕಣವೇ ನಿಮ್ಮ ನಿಜವಾದ ಬಜೆಟ್. ದಾನಿಗೆ ಕೃತಜ್ಞತೆ ಹೇಳುವಾಗಲೂ ಈ ಅಂಕಿ ಕೈಯಲ್ಲಿರಬೇಕು. ಎಷ್ಟು ಕೊಟ್ಟರೆಂಬುದೇ ತಿಳಿಯದೆ ಹೇಳುವ ಕೃತಜ್ಞತೆ ಅರ್ಧದ್ದು.

ಬೆಳವಣಿಗೆ ಅಳೆಯಿರಿ

ಪ್ರತಿ ತಿಂಗಳ ಒಂದನೇ ತಾರೀಖು ಡಿಸ್ಕ್ ಎಷ್ಟು ತುಂಬಿದೆ ಎಂದು ನೋಡಿ ಬರೆದಿಡಿ. ಆರು ತಿಂಗಳಾದರೆ ಏರಿಕೆಯ ಗತಿ ಕಾಣುತ್ತದೆ. ಹೆಚ್ಚಿನ ಕಡೆ ಜಾಗ ನುಂಗುವುದು ನಾವು ಬರೆದ ಕೋಡ್ ಅಲ್ಲ. ಪ್ರತಿ ಸಣ್ಣ ಬದಲಾವಣೆಗೂ ಯಂತ್ರ ತಾನಾಗಿ ಕಟ್ಟಿಡುವ ಬಿಲ್ಡ್ ಕಡತಗಳೇ ಜಾಗವೆಲ್ಲ ತಿನ್ನುತ್ತವೆ.

ಒಂದು ಲೆಕ್ಕ ಹಾಕೋಣ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರಕ್ಕೂ ಸೇರಿ ಒಂದು ಬಿಲ್ಡ್ 1.2 ಜಿಬಿ. ದಿನಕ್ಕೆ 15 ಬಿಲ್ಡ್ ಎಂದರೆ 18 ಜಿಬಿ, ವರ್ಷಕ್ಕೆ ಸುಮಾರು 6.5 ಟಿಬಿ. ಇವೆಲ್ಲವನ್ನೂ ಇಟ್ಟುಕೊಂಡರೆ ವರ್ಷದ ಕೊನೆಗೆ, ಜಿಬಿಗೆ 2.3 ಸೆಂಟ್ ದರದಲ್ಲಿ, ತಿಂಗಳಿಗೆ 150 ಡಾಲರ್ ಬಾಡಿಗೆ. 14 ದಿನ ಹಳೆಯದನ್ನೆಲ್ಲ ಅಳಿಸುವ ನಿಯಮ ಹಾಕಿದರೆ ಉಳಿಯುವುದು 252 ಜಿಬಿ, ಬಾಡಿಗೆ ಆರು ಡಾಲರ್. ಬಿಡುಗಡೆಯಾದ ಆವೃತ್ತಿಗಳನ್ನು ಮಾತ್ರ ಶಾಶ್ವತವಾಗಿ ಇಡಿ. ಯಾವುದನ್ನು ಎಂದಿಗೆ ಎಸೆಯುತ್ತೇವೆ ಎಂದು ತೀರ್ಮಾನಿಸದ ತಂಡಕ್ಕೆ ಎಷ್ಟು ದೊಡ್ಡ ಡಿಸ್ಕ್ ತಂದುಕೊಟ್ಟರೂ ಸಾಲದು.

ಇಡುವುದು ಅಗ್ಗ, ತೆಗೆಯುವುದು ತುಟ್ಟಿ

ಕ್ಲೌಡ್ ಬಿಲ್ಲಿನಲ್ಲಿ ಹೊಸಬರು ಎಡವುವುದು ಇಲ್ಲೇ. ಎಸ್3ರಲ್ಲಿ ಒಂದು ಟಿಬಿಯನ್ನು ಒಂದು ತಿಂಗಳು ಇಡಲು ಸುಮಾರು 23 ಡಾಲರ್. ಅದೇ ಒಂದು ಟಿಬಿಯನ್ನು ಜನ ಒಮ್ಮೆ ಇಳಿಸಿಕೊಂಡರೆ, ಅಮೆರಿಕದ ಕೇಂದ್ರಗಳ ದರದಲ್ಲಿ, ಜಿಬಿಗೆ ಸುಮಾರು 9 ಸೆಂಟ್‌ನಂತೆ 90 ಡಾಲರ್. ಕಣಜದ ಬಾಡಿಗೆಗಿಂತ ಬಾಗಿಲ ಸುಂಕ ನಾಲ್ಕು ಪಟ್ಟು! 400 ಎಂಬಿಯ ಕಡತವನ್ನು 5,000 ಮಂದಿ ಇಳಿಸಿಕೊಂಡರೆ ಹೊರಹೋಗುವುದು 2 ಟಿಬಿ, ಅಂದರೆ 180 ಡಾಲರ್ ಆಸುಪಾಸು. ಬಿಡುಗಡೆ ಜನಪ್ರಿಯವಾದಷ್ಟೂ ಬಿಲ್ಲು ಬೆಳೆಯುತ್ತದೆ.

ಲಿನಕ್ಸ್‌ನ ಗ್ರಾಫಿಕ್ಸ್ ಯೋಜನೆಗಳಿಗೆ ಆಶ್ರಯ ಕೊಟ್ಟಿರುವ ಫ್ರೀಡೆಸ್ಕ್‌ಟಾಪ್‌ಗೆ 2020ರಲ್ಲಿ ಆದದ್ದು ಇದೇ. ಆ ವರ್ಷದ ಹೋಸ್ಟಿಂಗ್ ಖರ್ಚು 75,000 ಡಾಲರ್ ಆಗಬಹುದೆಂದು ಅದರ ಖರ್ಚು ಹೊರುತ್ತಿದ್ದ ಎಕ್ಸ್.ಆರ್ಗ್ ಫೌಂಡೇಶನ್ ಎಚ್ಚರಿಸಿತು. ಬಿಲ್ಡ್ ಕಡತಗಳನ್ನು, ಇಮೇಜ್‌ಗಳನ್ನು ಇಟ್ಟು ಹೊರಗಿನ ಪರೀಕ್ಷಾ ಯಂತ್ರಗಳಿಗೆ ಮತ್ತೆ ಮತ್ತೆ ಕಳಿಸುವುದೇ ಅದರಲ್ಲಿ ದೊಡ್ಡ ಪಾಲು. ಆದ್ದರಿಂದ ಡೌನ್‌ಲೋಡ್ ಕಡತಗಳನ್ನು ಮಿರರ್‌ಗಳಲ್ಲಿ (ಅದೇ ಕಡತಗಳ ನಕಲು ಇಡುವ ಬೇರೆ ಸರ್ವರ್‌ಗಳಲ್ಲಿ) ಅಥವಾ ಮಾಸಿಕ ಬಾಡಿಗೆಯಲ್ಲೇ ಟ್ರಾಫಿಕ್ ಸೇರಿರುವ ಸರ್ವರ್‌ನಲ್ಲಿ ಇಡುವುದು ಲೇಸು. ಬಿಲ್ಲಿಗೆ ಮಿತಿಯ ಎಚ್ಚರಿಕೆಯನ್ನು ಮೊದಲ ದಿನವೇ ಹಾಕಿಡಿ.

ಸ್ವಂತ ಯಂತ್ರವೋ?

16 ಟಿಬಿಯ ನಾಲ್ಕು ಡಿಸ್ಕ್ ಕೊಂಡಿರಿ ಎನ್ನಿ. ಪೆಟ್ಟಿಗೆಯ ಮೇಲೆ ಬರೆದಿರುವುದು ಒಟ್ಟು 64 ಟಿಬಿ. ಎರಡು ಡಿಸ್ಕ್ ಕೆಟ್ಟರೂ ತಡೆಯುವ ರೇಡ್ 6 ಹಾಕಿದರೆ ಅರ್ಧ ಹೋಯಿತು, 32. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸಿದರೆ ಸರ್ವರ್ 1,024ರ ಲೆಕ್ಕದಲ್ಲಿ ಎಣಿಸುವುದರಿಂದ ಪರದೆಯ ಮೇಲೆ ಕಾಣುವುದು 29. ಅದರಲ್ಲೂ ನೂರಕ್ಕೆ 80ಕ್ಕಿಂತ ಹೆಚ್ಚು ತುಂಬಬಾರದು; ಯಂತ್ರ ನಿಧಾನವಾಗುತ್ತದೆ, ಹೊಸ ಡಿಸ್ಕ್ ತರಿಸಲು ಸಮಯವೂ ಉಳಿಯುವುದಿಲ್ಲ. ಹಾಗಾಗಿ ಬಜೆಟ್‌ನಲ್ಲಿ ಬರೆಯಬೇಕಾದ ಅಂಕಿ 23. ವಿದ್ಯುತ್ತು ಬೇರೆ: 200 ವ್ಯಾಟ್‌ನ ಯಂತ್ರ ಹಗಲೂ ರಾತ್ರಿ ಓಡಿದರೆ ವರ್ಷಕ್ಕೆ 1,752 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಎಂದಿಟ್ಟುಕೊಂಡರೂ 14,016 ರೂಪಾಯಿ. ಯಂತ್ರ ಕೊಡಿಸುವ ದಾನಿಗಳು ಸಿಗುತ್ತಾರೆ, ಅದರ ಕರೆಂಟ್ ಬಿಲ್ ಕಟ್ಟುವವರು ಸಿಗುವುದು ಕಷ್ಟ. ಯಂತ್ರ ಒಪ್ಪಿಕೊಳ್ಳುವ ಮೊದಲೇ ಇದನ್ನು ಕೇಳಿ.

ನಕಲು ಬೇರೆ, ಬ್ಯಾಕಪ್ ಬೇರೆ

2013ರ ಮಾರ್ಚ್‌ನಲ್ಲಿ, ಲಿನಕ್ಸ್ ಡೆಸ್ಕ್‌ಟಾಪ್ ತಯಾರಿಸುವ ಕೆಡಿಇ ಯೋಜನೆಯ ಮುಖ್ಯ ಸರ್ವರ್‌ನಲ್ಲಿ ಕಡತಗಳು ಕೆಟ್ಟವು. ಜಗತ್ತಿನ ಬೇರೆ ಬೇರೆ ಕಡೆ ಮಿರರ್‌ಗಳಿದ್ದವು, ಆದರೆ ಅವು ನಿಷ್ಠೆಯಿಂದ ಆ ಕೆಟ್ಟ ಸ್ಥಿತಿಯನ್ನೇ ನಕಲು ಮಾಡಿಕೊಂಡವು. ಸುಮಾರು 1,500 ಕೋಡ್ ರೆಪಾಸಿಟರಿಗಳು ಉಳಿದದ್ದು ಅದೃಷ್ಟದಿಂದ, ಒಂದು ಯಂತ್ರದಲ್ಲಿ ಸರಿಯಾದ ಪ್ರತಿ ಇದ್ದುದರಿಂದ. ಕೋಡ್ ಇಡುವ ಸೇವೆಯಾದ ಗಿಟ್‌ಲ್ಯಾಬ್‌ನಲ್ಲಿ 2017ರ ಜನವರಿ 31ರಂದು ಡೇಟಾಬೇಸ್ ಅಳಿಸಿಹೋದಾಗ ನೋಡಿದರೆ ಬ್ಯಾಕಪ್‌ನ ಜಾಗ ಖಾಲಿ. ಬ್ಯಾಕಪ್ ವಿಫಲವಾಗಿದೆ ಎಂಬ ಇಮೇಲ್‌ಗಳೂ ಯಾರಿಗೂ ತಲುಪಿರಲಿಲ್ಲ.

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ. ಇದರ ಖರ್ಚನ್ನು ಸಂಗ್ರಹದ ಖರ್ಚಿನ ಜೊತೆಗೇ ಸೇರಿಸಿ, ದುಡ್ಡು ಉಳಿದರೆ ನೋಡೋಣ ಎನ್ನಬೇಡಿ. ಮೂರು ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಎಲ್ಲವನ್ನೂ ಮರಳಿ ಪಡೆದು ನೋಡಿ.

ದುಡ್ಡು ಹೋಗುವ ದಾರಿ, ಬರುವ ದಾರಿ

ನಾನು ಕೈಜೋಡಿಸಿದ್ದ ಒಂದು ತಂಡದ ಸರ್ವರ್ ಒಂದು ಬೆಳಿಗ್ಗೆ ನಿಂತುಹೋಗಿತ್ತು. ಖಾತೆಯಲ್ಲಿ ದುಡ್ಡಿತ್ತು. ಬಿಲ್ಲು ಜೋಡಿಸಿದ್ದು ಒಬ್ಬ ಸ್ವಯಂಸೇವಕನ ಸ್ವಂತ ಕಾರ್ಡಿಗೆ, ಅವನು ಊರಿಗೆ ಹೋಗಿದ್ದ, ಒಟಿಪಿ ಒತ್ತುವವರಿರಲಿಲ್ಲ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ಕಾರ್ಡಿನಿಂದ ತಾನಾಗಿ ಕಡಿತವಾಗುವ ಪಾವತಿಗೆ ಬಿಗಿ ನಿಯಮ ತಂದಿದೆ. ಮಿತಿ ಮೊದಲು 5,000 ರೂಪಾಯಿ ಇತ್ತು, 2022ರಲ್ಲಿ 15,000ಕ್ಕೆ ಏರಿತು. ಮಿತಿ ಮೀರಿದ ಬಿಲ್ಲಿಗೆ ಯಾರಾದರೂ ಒಪ್ಪಿಗೆ ಒತ್ತಲೇಬೇಕು. ಆದ್ದರಿಂದ ಖಾತೆ, ಕಾರ್ಡು, ಡೊಮೈನ್ ಎಲ್ಲವೂ ಸಂಸ್ಥೆಯ ಹೆಸರಿನಲ್ಲಿರಲಿ, ಪಾವತಿಯ ಹೊಣೆ ಇಬ್ಬರ ಮೇಲಿರಲಿ. ಬಿಲ್ಲಿನ ಮೇಲೆ ಶೇ 18 ಜಿಎಸ್‌ಟಿ ಕೂಡಿಸಿ, ಡಾಲರ್ ಏರಿಕೆಗೂ ಸ್ವಲ್ಪ ಹೆಚ್ಚುವರಿ ಇಡಿ.

ವಿದೇಶದಿಂದ ದೇಣಿಗೆ ಪಡೆಯಲು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿ ಬೇಕು. ಆ ಹಣ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಇಲ್ಲಿಯ ದಾರಿಗಳೂ ಇವೆ. ಬೆಂಗಳೂರಿನ ಫಾಸ್ ಯುನೈಟೆಡ್ ಸಂಸ್ಥೆ ಮುಕ್ತ ತಂತ್ರಾಂಶ ಯೋಜನೆಗಳಿಗೆ ಅನುದಾನ ಕೊಡುತ್ತದೆ. ಝೆರೋದಾ 2024ರಲ್ಲಿ ಆರಂಭಿಸಿದ ಫ್ಲಾಸ್ ಫಂಡ್, ವರ್ಷಕ್ಕೆ 10 ಲಕ್ಷ ಡಾಲರ್ ಮೀಸಲಿಟ್ಟು, ಒಂದು ಯೋಜನೆಗೆ 10,000ದಿಂದ 1 ಲಕ್ಷ ಡಾಲರ್‌ವರೆಗೆ ಕೊಡುವುದಾಗಿ ಹೇಳಿತು. ಅರ್ಜಿ ಬರೆಯುವಾಗ ಮೊದಲು ಮಾಡಿದ ಹಾಳೆಯೇ ನಿಮ್ಮ ಬಲ.

ಕೊನೆಯದಾಗಿ, ಪುಕ್ಕಟೆಯದೂ ಸೇರಿದ ಪೂರ್ಣ ಬೆಲೆಯ ಲೆಕ್ಕದಲ್ಲಿ ಆರು ತಿಂಗಳ ಖರ್ಚನ್ನು ಮುಟ್ಟದೆ ಇಡಿ. ಯಾವ ಆಸರೆಯೂ ಶಾಶ್ವತವಲ್ಲ: 2003ರಿಂದ ನೂರಾರು ಮುಕ್ತ ಯೋಜನೆಗಳಿಗೆ ಮನೆಯಾಗಿರುವ ಓರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಓಪನ್ ಸೋರ್ಸ್ ಲ್ಯಾಬ್ ಕೂಡ 2025ರಲ್ಲಿ, 2.5 ಲಕ್ಷ ಡಾಲರ್ ಸಿಗದಿದ್ದರೆ ಬಾಗಿಲು ಹಾಕಬೇಕಾದೀತು ಎಂದು ಹೇಳಬೇಕಾಯಿತು.

ಮುಂದಿನ ಸಭೆ ಸೇರಿದಾಗ ದಯವಿಟ್ಟು ಒಂದು ಪ್ರಶ್ನೆ ಕೇಳಿ: ನಮ್ಮ ಡೊಮೈನ್ ಹೆಸರು ಯಾರ ಹೆಸರಿನಲ್ಲಿದೆ, ಎಂದಿಗೆ ಮುಗಿಯುತ್ತದೆ? ಉತ್ತರ ಯಾರಿಗೂ ಗೊತ್ತಿಲ್ಲದಿದ್ದರೆ ಹಾಳೆಯನ್ನು ಅಂದೇ ಶುರುಮಾಡಿ.